ಡೋಪ್‌ಗೆ ಉಪ್ಪು ಹಾಕಿದರೆ ಮೆಂಬ್ರೇನ್ ಏನಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಒಂದು ಲ್ಯಾಬ್‌ನಲ್ಲಿ ಪಾಲಿಮರ್ ಮೆಂಬ್ರೇನ್, ಅಂದರೆ ನೀರು ಸೋಸುವ ಸಣ್ಣ ತೂತುಗಳ ತೆಳು ಹಾಳೆ, ಮಾಡುವುದು ನನ್ನ ದಿನದ ಕೆಲಸ. ಪ್ರತಿ ವರ್ಷ ಜೂನ್, ಜುಲೈ ಹೊತ್ತಿಗೆ ಹೊಸ ವಿದ್ಯಾರ್ಥಿಗಳು ಬರುತ್ತಾರೆ. ಎರಡೇ ವಾರದಲ್ಲಿ ಎಲ್ಲರೂ ಡೋಪ್‌ಗೆ, ಅಂದರೆ ಮೆಂಬ್ರೇನ್ ಮಾಡುವ ಪಾಲಿಮರ್ ದ್ರಾವಣಕ್ಕೆ, ಹಾಕುವ ಉಪ್ಪಿನ ಬಗ್ಗೆ ಕೇಳಲು ಶುರುಮಾಡುತ್ತಾರೆ. ಅದೇ ಪ್ರಶ್ನೆಗಳು, ಅದೇ ಗೊಂದಲ. ಹಾಗಾಗಿ ಒಂದೇ ಕಡೆ ಬರೆದಿಟ್ಟಿದ್ದೇನೆ.

ಇಲ್ಲಿ ಉಪ್ಪು ಅಂದರೆ ಅಡುಗೆ ಉಪ್ಪೇನಾ?

ಅಲ್ಲ. ಹೆಚ್ಚಾಗಿ ಲಿಥಿಯಂ ಕ್ಲೋರೈಡ್. ಲಿಥಿಯಂ ಪರ್‌ಕ್ಲೋರೇಟ್, ಜಿಂಕ್ ಕ್ಲೋರೈಡ್, ಮೆಗ್ನೀಸಿಯಂ ಕ್ಲೋರೈಡ್, ಕ್ಯಾಲ್ಸಿಯಂ ಕ್ಲೋರೈಡ್ ಕೂಡ ಬಳಕೆಯಲ್ಲಿವೆ. ಅಡುಗೆ ಉಪ್ಪು ಡಿಎಂಎಫ್, ಎನ್‌ಎಂಪಿಯಂಥ ದ್ರಾವಕಗಳಲ್ಲಿ ಕರಗುವುದೇ ಇಲ್ಲ ಅನ್ನುವಷ್ಟು ಕಡಿಮೆ. ರಾತ್ರಿಯಿಡೀ ತಿರುಗಿಸಿದರೂ ಬೆಳಗ್ಗೆ ತಳದಲ್ಲಿ ಹರಳು ಹಾಗೇ ಕೂತಿರುತ್ತದೆ. ಹರಳನ್ನು ಹಾಗೇ ಒಳಗೆ ಬಿಟ್ಟು, ಆಮೇಲೆ ನೀರಲ್ಲಿ ತೊಳೆದು ತೂತು ಮಾಡುವ ವಿಧಾನವೂ ಇದೆ. ಆದರೆ ಅದು ಬೇರೆ ಆಟ. ಇಲ್ಲಿ ನಾವು ಮಾತಾಡುತ್ತಿರುವುದು ಪೂರ್ತಿ ಕರಗಿದ ಉಪ್ಪಿನ ಬಗ್ಗೆ.

ಮೊದಲು ಮೆಂಬ್ರೇನ್ ಹೇಗೆ ಆಗುತ್ತದೆ ಅಂತ ಒಮ್ಮೆ ಹೇಳಿ.

ಪಾಲಿಮರನ್ನು ದ್ರಾವಕದಲ್ಲಿ ಕರಗಿಸಿ ಜೇನಿನಂಥ ದ್ರಾವಣ ಮಾಡುತ್ತೇವೆ. ಅದಕ್ಕೆ ಡೋಪ್ ಅಂತ ಹೆಸರು. ಗಾಜಿನ ಮೇಲೆ ಸುರಿದು, ಒಂದು ಚಾಕುವಿನಿಂದ ದೋಸೆ ಹಿಟ್ಟಿನ ಹಾಗೆ ಎಳೆಯುತ್ತೇವೆ. ಚಾಕುವಿನ ಕೆಳಗಿನ ಸಂದು ಸಾಮಾನ್ಯವಾಗಿ 150ರಿಂದ 250 ಮೈಕ್ರಾನ್. ಆಮೇಲೆ ಗಾಜನ್ನು ನೀರಿನ ಬಾತ್‌ಗೆ, ಅಂದರೆ ನೀರು ತುಂಬಿದ ತೊಟ್ಟಿಗೆ, ಇಳಿಸುತ್ತೇವೆ. ದ್ರಾವಕ ನೀರಿಗೆ ಹೋಗುತ್ತದೆ, ನೀರು ಪದರದೊಳಗೆ ಬರುತ್ತದೆ. ನೀರು ಕಂಡರೆ ಪಾಲಿಮರ್‌ಗೆ ಆಗುವುದಿಲ್ಲ. ಹಾಲು ಒಡೆದ ಹಾಗೆ ಒಡೆಯುತ್ತದೆ. ಪಾಲಿಮರ್ ಜಾಸ್ತಿ ಇದ್ದ ಭಾಗ ಗೋಡೆಯಾಗುತ್ತದೆ, ಕಡಿಮೆ ಇದ್ದ ಭಾಗ ತೂತಾಗುತ್ತದೆ.

ಹಾಲಿನ ಉದಾಹರಣೆಯನ್ನು ಸುಮ್ನೆ ಕೊಟ್ಟಿದ್ದಲ್ಲ. ಕುದಿಯುವ ಹಾಲಿಗೆ ನಿಂಬೆ ಹಿಂಡಿದರೆ ತಟ್ಟನೆ ಒಡೆದು ಗಂಟು ಗಂಟಾಗುತ್ತದೆ, ನಡುವೆ ದೊಡ್ಡ ಸಂದುಗಳು. ಅದೇ ಹಾಲಿಗೆ ಹೆಪ್ಪು ಹಾಕಿ ರಾತ್ರಿ ಬಿಟ್ಟರೆ ನುಣ್ಣಗೆ ಮೊಸರಾಗುತ್ತದೆ. ಹಾಲು ಅದೇ, ಒಡೆಯುವ ವೇಗ ಬೇರೆ. ಮೆಂಬ್ರೇನ್‌ನಲ್ಲೂ ಹೆಚ್ಚುಕಮ್ಮಿ ಹೀಗೇ. ತಟ್ಟನೆ ಒಡೆದರೆ ಬೆರಳಿನಂಥ ಉದ್ದ ಟೊಳ್ಳುಗಳು ಬರುತ್ತವೆ. ನಿಧಾನವಾಗಿ ಒಡೆದರೆ ಸ್ಪಂಜು.

ಹಾಗಾದರೆ ಉಪ್ಪು ಈ ಒಡೆಯುವುದನ್ನು ಜೋರು ಮಾಡುತ್ತದಾ, ನಿಧಾನ ಮಾಡುತ್ತದಾ?

ಎರಡನ್ನೂ, ಒಟ್ಟೊಟ್ಟಿಗೇ. ಇಷ್ಟು ಅರ್ಥವಾಗದೆ ಮುಂದೆ ಹೋದವರು ತಿಂಗಳುಗಟ್ಟಲೆ ಒದ್ದಾಡುವುದನ್ನು ನೋಡಿದ್ದೇನೆ. ನಾನೂ ಒದ್ದಾಡಿದ್ದೇನೆ.

ಮೊದಲ ಕೆಲಸ ತಳ್ಳುವುದು. ಲಿಥಿಯಂ ಅಯಾನು ತುಂಬ ಚಿಕ್ಕದು, ಅದರ ಚಾರ್ಜ್ ಒತ್ತೊತ್ತಾಗಿರುತ್ತದೆ. ಡಿಎಂಎಫ್, ಡಿಎಂಎಸಿ, ಎನ್‌ಎಂಪಿ ಮೂರರಲ್ಲೂ ಇರುವ ಕಾರ್ಬೊನಿಲ್ ಆಮ್ಲಜನಕವನ್ನು ಅದು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಮದುವೆ ಊಟ ನೆನೆಸಿಕೊಳ್ಳಿ. ಬಡಿಸುವವರನ್ನೆಲ್ಲ ಬೀಗರ ಪಂಕ್ತಿಯವರೇ ಹಿಡಿದು ನಿಲ್ಲಿಸಿಕೊಂಡರೆ ಉಳಿದ ಪಂಕ್ತಿಯಲ್ಲಿ ಎಲೆ ಖಾಲಿ. ಹಾಗೆ ದ್ರಾವಕದ ಒಂದು ಪಾಲು ಲಿಥಿಯಂ ಸೇವೆಗೆ ನಿಂತುಬಿಡುತ್ತದೆ, ಪಾಲಿಮರ್ ಕಡೆ ನೋಡುವವರು ಕಡಿಮೆಯಾಗುತ್ತಾರೆ. ಸ್ವಲ್ಪ ನೀರು ಬಂದರೂ ಪಾಲಿಮರ್ ಹೊರಗೆ ಬರುತ್ತದೆ. ಜೊತೆಗೆ ಲಿಥಿಯಂ ಕ್ಲೋರೈಡ್‌ಗೆ ನೀರೆಂದರೆ ಪ್ರಾಣ, ಅದೂ ಬಾತ್‌ನ ನೀರನ್ನು ಒಳಗೆಳೆಯುತ್ತದೆ. ಎರಡೂ ಸೇರಿ ಬೇಗ ಒಡೆಯುತ್ತದೆ.

ಎರಡನೆಯದು ಬ್ರೇಕ್. ಉಪ್ಪು ಹಾಕಿದ ಡೋಪ್ ಗಟ್ಟಿಯಾಗುತ್ತದೆ. ದ್ರಾವಕ, ಅಯಾನು, ಪಾಲಿಮರ್ ಒಂದಕ್ಕೊಂದು ತಗುಲಿಕೊಂಡು ಜಿಗುಟು ಏರುತ್ತದೆ. ತೆಳು ಗಂಜಿಗೆ ನೀರು ಹಾಕಿದರೆ ಕ್ಷಣದಲ್ಲಿ ಬೆರೆಯುತ್ತದೆ, ಮುದ್ದೆಯ ಮೇಲೆ ಸುರಿದರೆ ಮೇಲೇ ನಿಲ್ಲುತ್ತದೆ. ಡೋಪ್ ಮುದ್ದೆಯ ಕಡೆ ಜರುಗಿದಷ್ಟೂ ನೀರು ಒಳಗೆ ಬರುವುದು, ದ್ರಾವಕ ಹೊರಗೆ ಹೋಗುವುದು ಎರಡೂ ತಡವಾಗುತ್ತವೆ. ದೊಡ್ಡ ಟೊಳ್ಳು ಬೆಳೆಯಲು ಜಾಗವೂ ಸಿಗುವುದಿಲ್ಲ.

ಉಪ್ಪು ಕಡಿಮೆ ಇದ್ದಾಗ ಸಾಮಾನ್ಯವಾಗಿ ತಳ್ಳುವಿಕೆ ಗೆಲ್ಲುತ್ತದೆ. ತೂತು ಜಾಸ್ತಿ, ಬೆರಳಿನಂಥ ಟೊಳ್ಳು ಉದ್ದ, ನೀರಿನ ಫ್ಲಕ್ಸ್ (ಮೆಂಬ್ರೇನ್ ದಾಟಿ ಹರಿಯುವ ನೀರಿನ ವೇಗ) ಜಾಸ್ತಿ. ಪ್ರಮಾಣ ಏರಿಸುತ್ತಾ ಹೋದರೆ ಒಂದು ಹಂತದಲ್ಲಿ ಬ್ರೇಕ್ ಗೆಲ್ಲುತ್ತದೆ. ಟೊಳ್ಳು ಕುಗ್ಗುತ್ತದೆ, ಸ್ಪಂಜು ಹೆಚ್ಚುತ್ತದೆ, ಫ್ಲಕ್ಸ್ ಬೀಳುತ್ತದೆ.

ಆ ಹಂತ ಎಷ್ಟು ಶೇಕಡಾದಲ್ಲಿ ಬರುತ್ತದೆ?

ಎಲ್ಲರಿಗೂ ಬೇಕಾದ ನಂಬರ್ ಇದೇ. ಎಲ್ಲರಿಗೂ ಹೊಂದುವ ಒಂದು ನಂಬರ್ ಇಲ್ಲ. ಪಿವಿಡಿಎಫ್ ಅನ್ನುವ ಪಾಲಿಮರ್‌ನ ಕೆಲಸದಲ್ಲಿ ಸಾಮಾನ್ಯವಾಗಿ ತೂಕದಲ್ಲಿ ಶೇ. 1ರಿಂದ 5ರ ನಡುವೆ ಲಿಥಿಯಂ ಕ್ಲೋರೈಡ್ ಹಾಕಿ ನೋಡುತ್ತಾರೆ. ಆದರೆ ಅದೇ ಶೇ. 3 ಉಪ್ಪು, ಶೇ. 12 ಪಾಲಿಮರ್ ಇರುವ ಡೋಪ್‌ನಲ್ಲಿ ಒಂದು ಥರ, ಶೇ. 18 ಇರುವುದರಲ್ಲಿ ಇನ್ನೊಂದು ಥರ ಆಡುತ್ತದೆ. ಎರಡನೆಯದು ಮೊದಲೇ ದಪ್ಪ, ಅಲ್ಲಿ ಬ್ರೇಕ್ ಬೇಗ ಹಿಡಿಯುತ್ತದೆ. ಪಾಲಿಮರ್‌ನ ಅಣುತೂಕ, ದ್ರಾವಕ, ಬಾತ್‌ನ ಬಿಸಿ ಎಲ್ಲವೂ ಆ ಹಂತವನ್ನು ಅತ್ತಿತ್ತ ಸರಿಸುತ್ತವೆ.

ಒಂದು ಪ್ರಬಂಧದಲ್ಲಿ "ಲಿಥಿಯಂ ಕ್ಲೋರೈಡ್ ಟೊಳ್ಳನ್ನು ಹೆಚ್ಚಿಸಿತು" ಅಂತ, ಇನ್ನೊಂದರಲ್ಲಿ "ಕಡಿಮೆ ಮಾಡಿತು" ಅಂತ ಇದ್ದರೆ ಇಬ್ಬರಲ್ಲಿ ಒಬ್ಬರು ತಪ್ಪು ಅಂದುಕೊಳ್ಳಬೇಡಿ. ಇಬ್ಬರೂ ಒಂದೇ ಗುಡ್ಡದ ಎರಡು ಬದಿಯಲ್ಲಿ ನಿಂತಿರಬಹುದು.

ನನ್ನ ಡೋಪ್ ಯಾವ ಬದಿಯಲ್ಲಿದೆ ಅಂತ ಹೇಗೆ ತಿಳಿಯುವುದು?

ಎರಡು ಅಳತೆ ಸಾಕು. ಎರಡಕ್ಕೂ ದುಬಾರಿ ಯಂತ್ರ ಬೇಡ.

ಒಂದು, ಮಬ್ಬಿನ ಬಿಂದು. ಡೋಪನ್ನು ಒಂದೇ ಬಿಸಿಯಲ್ಲಿಟ್ಟು, ತಿರುಗಿಸುತ್ತಾ, ಹನಿ ಹನಿಯಾಗಿ ನೀರು ಬಿಡಿ. ಹನಿ ಬಿದ್ದ ಜಾಗ ಬೆಳ್ಳಗಾಗಿ ಮತ್ತೆ ಕರಗುತ್ತದೆ. ಕಾಯಿರಿ. ಇನ್ನೊಂದು ಹನಿ. ಒಂದು ಹೊತ್ತಿನಲ್ಲಿ ಮಬ್ಬು ಬಂದದ್ದು ಹೋಗುವುದೇ ಇಲ್ಲ. ಅಲ್ಲಿವರೆಗೆ ಎಷ್ಟು ನೀರು ಹೋಯಿತು ಅಂತ ಬರೆದುಕೊಳ್ಳಿ. ಉಪ್ಪು ಹಾಕಿದ ಡೋಪ್ ಎಷ್ಟು ಕಡಿಮೆ ನೀರಿಗೆ ಮಬ್ಬಾಯಿತೋ ತಳ್ಳುವಿಕೆ ಅಷ್ಟು. ಅವಸರ ಮಾಡಿದರೆ ಸುಳ್ಳು ನಂಬರ್ ಬರುತ್ತದೆ. ದಪ್ಪ ಡೋಪ್‌ನಲ್ಲಿ ಒಂದು ಹನಿ ಪೂರ್ತಿ ಬೆರೆಯಲು ಅರ್ಧ ಗಂಟೆಯೂ ಬೇಕಾಗಬಹುದು.

ಎರಡು, ಜಿಗುಟು. ವಿಸ್ಕೋಮೀಟರ್ ಇದ್ದರೆ ಒಳ್ಳೆಯದು. ನಮ್ಮದು ಕೆಟ್ಟು ರಿಪೇರಿಗೆ ಹೋಗಿದ್ದಾಗ ನಾನು ಎಸ್‌ಪಿ ರೋಡ್‌ನಲ್ಲಿ ಚಿಕ್ಕ ಬೇರಿಂಗ್ ಗುಂಡುಗಳನ್ನು ತಂದಿದ್ದೆ. ಉದ್ದ ಟೆಸ್ಟ್ ಟ್ಯೂಬ್‌ನಲ್ಲಿ ಡೋಪ್ ತುಂಬಿ, ಹೊರಗೆ ಎರಡು ಗೆರೆ ಹಾಕಿ, ಗುಂಡು ಬಿಟ್ಟು ಫೋನ್‌ನಲ್ಲಿ ವೀಡಿಯೊ ಮಾಡಿದೆ. ಟ್ಯೂಬ್ ಅದೇ, ಗುಂಡು ಅದೇ ಆಗಿದ್ದರೆ, ಗೆರೆಯಿಂದ ಗೆರೆಗೆ ಇಳಿಯಲು ಹಿಡಿದ ಸಮಯವೇ ಜಿಗುಟಿನ ಲೆಕ್ಕ. ಸಮಯ ದುಪ್ಪಟ್ಟಾದರೆ ಜಿಗುಟೂ ಸುಮಾರು ದುಪ್ಪಟ್ಟು. ತೆಳು ಡೋಪ್‌ಗೆ ಇದು ಆಗದು, ಗುಂಡು ಪಟ್ಟನೆ ಬಿದ್ದುಹೋಗುತ್ತದೆ.

ಉಪ್ಪಿನ ಪ್ರಮಾಣ ಏರಿಸುತ್ತಾ ಈ ಎರಡನ್ನೂ ಒಂದೇ ಹಾಳೆಯಲ್ಲಿ ಬರೆಯಿರಿ. ಮಬ್ಬಿನ ಬಿಂದು ಸ್ವಲ್ಪ ಸ್ವಲ್ಪವೇ ಇಳಿಯುತ್ತಿದ್ದು, ಜಿಗುಟು ಮಾತ್ರ ಒಮ್ಮೆಲೇ ಮೇಲೆ ಹಾರಿದರೆ, ಆ ಜಾಗದ ಆಸುಪಾಸಿನಲ್ಲಿ ಮೆಂಬ್ರೇನ್‌ನ ಅಡ್ಡಕೊಯ್ತ ನೋಡಿ. ಬದಲಾವಣೆ ಅಲ್ಲೇ ಸಿಗುವ ಸಾಧ್ಯತೆ ಜಾಸ್ತಿ.

ಬೇರೆ ಬೇರೆ ಉಪ್ಪುಗಳನ್ನು ತಲಾ 2 ಗ್ರಾಂ ಹಾಕಿ ಹೋಲಿಸಿದ್ದೇನೆ. ಸರಿ ತಾನೇ?

ಇಲ್ಲ. ಗ್ರಾಂನಲ್ಲಿ ಹೋಲಿಸಿದರೆ ಮೋಸ ಹೋಗುತ್ತೀರಿ. ಲಿಥಿಯಂ ಕ್ಲೋರೈಡ್‌ನ ಮೋಲಾರ್ ತೂಕ 42.4, ಲಿಥಿಯಂ ಪರ್‌ಕ್ಲೋರೇಟ್‌ನದು 106.4. ಅದೇ 2 ಗ್ರಾಂನಲ್ಲಿ ಮೊದಲನೆಯದರ ಲಿಥಿಯಂ ಎರಡನೆಯದಕ್ಕಿಂತ ಎರಡೂವರೆ ಪಟ್ಟು. ಮೋಲ್ ಲೆಕ್ಕದಲ್ಲಿ ಹೋಲಿಸಿ.

ಇನ್ನೊಂದು ಗುಂಡಿ ಇದೆ. ಬಾಟಲ್ ಮೇಲೆ ಮೆಗ್ನೀಸಿಯಂ ಕ್ಲೋರೈಡ್ ಹೆಕ್ಸಾಹೈಡ್ರೇಟ್ ಅಂತಿದ್ದರೆ, ಅದರ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ. 100 ಗ್ರಾಂ ಡೋಪ್‌ಗೆ 2 ಗ್ರಾಂ ಹಾಕಿದರೆ 1 ಗ್ರಾಂಗಿಂತ ಹೆಚ್ಚು ನೀರು ಸೇರಿಸಿದ ಹಾಗೆ. ಪಾಲಿಸಲ್ಫೋನ್ ಅನ್ನುವ ಪಾಲಿಮರ್‌ನ ಡೋಪ್ ಕೆಲವೇ ಶೇಕಡಾ ನೀರಿಗೆ ಮಬ್ಬಾಗುತ್ತದೆ. ಹಾಗಿದ್ದಾಗ ಮೆಂಬ್ರೇನ್‌ನಲ್ಲಿ ಕಂಡ ಬದಲಾವಣೆ ಮೆಗ್ನೀಸಿಯಂನದಾ, ನೀರಿನದಾ? ಅಷ್ಟೇ ನೀರು ಹಾಕಿ ಉಪ್ಪು ಹಾಕದ ಒಂದು ಡೋಪನ್ನೂ ಮಾಡಿ ನೋಡದೆ ಹೇಳಲಾಗದು.

ಮಳೆಗಾಲದಲ್ಲಿ ನನ್ನ ಮೆಂಬ್ರೇನ್ ಬೇರೆ ಥರ ಬರುತ್ತಿದೆ. ಭ್ರಮೆಯಾ?

ಭ್ರಮೆ ಅಲ್ಲ. ಗಾಳಿಯಲ್ಲಿ ತೇವ ಶೇ. 11 ದಾಟಿದರೆ ಸಾಕು, ಲಿಥಿಯಂ ಕ್ಲೋರೈಡ್ ಅದನ್ನು ಹೀರಿ ಒದ್ದೆಯಾಗುತ್ತದೆ. ಬೆಂಗಳೂರಿನಲ್ಲಿ ಏಪ್ರಿಲ್‌ನ ಒಣ ಮಧ್ಯಾಹ್ನದಲ್ಲೂ ತೇವ ಅದಕ್ಕಿಂತ ಮೇಲೇ ಇರುತ್ತದೆ. ಜುಲೈ ಜಡಿಮಳೆಯಲ್ಲಿ ಕೇಳಲೇಬೇಡಿ. ತೂಕದ ಯಂತ್ರದ ಮೇಲೆ ಉಪ್ಪು ಇಟ್ಟು ಸುಮ್ಮನೆ ನಿಂತು ನೋಡಿ. ಕೊನೆಯ ಅಂಕಿ ನಿಲ್ಲುವುದೇ ಇಲ್ಲ, ಏರುತ್ತಲೇ ಇರುತ್ತದೆ. ಅದು ನೀರಿನ ತೂಕ.

ನನ್ನ ಎರಡನೇ ವರ್ಷದ ಕಥೆ ಹೇಳುತ್ತೇನೆ. ಮೇ ತಿಂಗಳಲ್ಲಿ ಬಂದ ಫ್ಲಕ್ಸ್ ಆಗಸ್ಟ್‌ನಲ್ಲಿ ಬರಲೇ ಇಲ್ಲ. ಮೂರು ವಾರ ಪಾಲಿಮರನ್ನು ಬೈದೆ, ಆಮೇಲೆ ದ್ರಾವಕವನ್ನು, ಆಮೇಲೆ ಚಾಕುವನ್ನು. ಕೊನೆಗೆ ನೋಡಿದರೆ ಬಾಟಲ್ ಮುಚ್ಚಳ ಅಡ್ಡ ಕೂತಿತ್ತು. ಒಳಗೆ ಪುಡಿ ಇರಲಿಲ್ಲ, ಒದ್ದೆ ಸಕ್ಕರೆಯಂಥ ಗಡ್ಡೆ ಇತ್ತು. ಮುಚ್ಚಳ ಹಾಗೆ ಬಿಟ್ಟಿದ್ದು ನಾನೇ. ಆ ಮೂರು ವಾರ ನಾನು ತೂಗುತ್ತಿದ್ದ 3 ಗ್ರಾಂನಲ್ಲಿ ಉಪ್ಪೆಷ್ಟು ನೀರೆಷ್ಟು ಅಂತ ಇವತ್ತಿಗೂ ಹೇಳಲಾರೆ. ನೋಟ್‌ಬುಕ್‌ನ ಆ ಪುಟಗಳ ಮೇಲೆ ಅಡ್ಡ ಗೆರೆ ಎಳೆದಿದ್ದೇನೆ.

ಬಾಟಲ್ ಒಂದೇ ಅಲ್ಲ. ಎಳೆದ ಪದರವನ್ನು ಬಾತ್‌ಗೆ ಇಳಿಸುವ ಮುಂಚೆ ಗಾಳಿಯಲ್ಲಿ ಬಿಟ್ಟರೆ, ಉಪ್ಪಿರುವ ಪದರ ಗಾಳಿಯ ತೇವವನ್ನೂ ಬೇಗ ಎಳೆದುಕೊಳ್ಳುತ್ತದೆ. ಕನ್ನಡಿಯಂತೆ ಹೊಳೆಯುತ್ತಿದ್ದ ಮೇಲ್ಮೈ ಮೇಲೆ ಯಾರೋ ಉಸಿರು ಬಿಟ್ಟ ಹಾಗೆ ಮಂಜು ಕವಿಯುತ್ತದೆ. ಅಲ್ಲಿಗೆ ಮೆಂಬ್ರೇನ್‌ನ ಮೇಲಿನ ತೆಳು ಪದರ, ಅಂದರೆ ಚರ್ಮ, ಬಾತ್ ನೋಡುವ ಮುಂಚೆಯೇ ಹುಟ್ಟಲು ಶುರುವಾಯಿತು ಅಂತ. ಆ ಕೋಣೆಯಲ್ಲಿ ಒಂದು ತೇವದ ಮೀಟರ್ ಇಡಿ, ಪ್ರತಿ ಪದರದ ಪಕ್ಕ ಆ ಅಂಕಿ ಬರೆಯಿರಿ.

ಬೆರಳಿನಂಥ ಟೊಳ್ಳು ಒಳ್ಳೆಯದಾ, ಸ್ಪಂಜು ಒಳ್ಳೆಯದಾ?

ಯಾವ ಕೆಲಸಕ್ಕೆ ಅನ್ನುವುದರ ಮೇಲೆ. ಟೊಳ್ಳು ಇದ್ದರೆ ನೀರಿಗೆ ದಾರಿ ಸಲೀಸು, ಆದರೆ ಒತ್ತಡ ಹೆಚ್ಚಾದರೆ ಕುಸಿಯುತ್ತದೆ. ಸ್ಪಂಜು ಗಟ್ಟಿ, ಆದರೆ ನೀರಿಗೆ ಸುತ್ತುದಾರಿ. ಅಷ್ಟಕ್ಕೂ ಏನನ್ನು ತಡೆಯಬೇಕು, ಏನನ್ನು ಬಿಡಬೇಕು ಅಂತ ನಿರ್ಧರಿಸುವುದು ಮೇಲಿನ ತೆಳು ಚರ್ಮ. ಅಡ್ಡಕೊಯ್ತದ ಚಂದದ ಫೋಟೊ ನೋಡಿ ಮೆಂಬ್ರೇನ್ ಚೆನ್ನಾಗಿದೆ ಅಂತ ತೀರ್ಮಾನಿಸುವ ಚಾಳಿ ನಮ್ಮಲ್ಲಿ ಜಾಸ್ತಿಯಾಗಿದೆ. ಆ ಫೋಟೊದಲ್ಲಿ ಚರ್ಮದ ತೂತು ಕಾಣುವುದೇ ಇಲ್ಲ.

ಉಪ್ಪು ಎಲ್ಲ ಪಾಲಿಮರ್‌ಗೂ ದ್ರಾವಕವನ್ನು ಕೆಡಿಸುತ್ತದಾ?

ಇಲ್ಲ, ಕೆಲವು ಕಡೆ ಪೂರ್ತಿ ಉಲ್ಟಾ. ಡಿಎಂಎಸಿಯಲ್ಲಿ ಲಿಥಿಯಂ ಕ್ಲೋರೈಡ್ ಇದ್ದರೆ ಸೆಲ್ಯುಲೋಸ್ ಕೂಡ ಕರಗುತ್ತದೆ, ಬರೀ ಡಿಎಂಎಸಿಯಲ್ಲಿ ಕರಗುವುದಿಲ್ಲ. ಅರಾಮಿಡ್ ಅನ್ನುವ ಗಟ್ಟಿ ಪಾಲಿಮರ್‌ಗಳಲ್ಲೂ ಉಪ್ಪು ಹೈಡ್ರೋಜನ್ ಬಂಧಗಳನ್ನು ಬಿಡಿಸಿ ಕರಗಲು ಸಹಾಯ ಮಾಡುತ್ತದೆ. ಜಿಂಕ್ ಕ್ಲೋರೈಡ್‌ನ ದಟ್ಟ ನೀರಿನ ದ್ರಾವಣ ಪಾಲಿಅಕ್ರಿಲೋನೈಟ್ರೈಲ್ ಅನ್ನುವ ಪಾಲಿಮರನ್ನೇ ಕರಗಿಸುತ್ತದೆ. ಆದ್ದರಿಂದ ಪಿವಿಡಿಎಫ್‌ನಲ್ಲಿ ಕಂಡದ್ದನ್ನು ಇನ್ನೊಂದು ಪಾಲಿಮರ್‌ಗೆ ಕಣ್ಣು ಮುಚ್ಚಿ ಅಂಟಿಸಬೇಡಿ. ಮಬ್ಬಿನ ಬಿಂದು ಅಳೆಯಿರಿ.

ಈ ಉಪ್ಪಿನ ಉಪಾಯ ಯಾವಾಗಿನಿಂದ ಇದೆ?

ಈ ವಿಧಾನದ ಮೊದಲ ದೊಡ್ಡ ಗೆಲುವಿನಲ್ಲೇ ಉಪ್ಪಿತ್ತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕ್ಯಾಂಪಸ್‌ನಲ್ಲಿ ಸಿಡ್ನಿ ಲೋಯೆಬ್ ಮತ್ತು ಭಾರತದಲ್ಲಿ ಹುಟ್ಟಿದ ಶ್ರೀನಿವಾಸ ಸೌರಿರಾಜನ್ 1960ರ ಹೊತ್ತಿಗೆ ಸಮುದ್ರದ ನೀರು ಸಿಹಿ ಮಾಡುವ ಸೆಲ್ಯುಲೋಸ್ ಅಸಿಟೇಟ್ ಮೆಂಬ್ರೇನ್ ಮಾಡಿದರು. ಅವರ ಹೆಸರಾಂತ ಪಾಕ ಹೀಗಿದೆ: ತೂಕದಲ್ಲಿ ಸೆಲ್ಯುಲೋಸ್ ಅಸಿಟೇಟ್ ಶೇ. 22.2, ಅಸಿಟೋನ್ ಶೇ. 66.7, ನೀರು ಶೇ. 10, ಮೆಗ್ನೀಸಿಯಂ ಪರ್‌ಕ್ಲೋರೇಟ್ ಶೇ. 1.1. ತಣ್ಣಗೆ ಎಳೆದು, ಐಸ್ ನೀರಿಗೆ ಇಳಿಸಿ, ಆಮೇಲೆ ಬಿಸಿನೀರಿನಲ್ಲಿ ಹದ ಮಾಡುತ್ತಿದ್ದರು. ಅದಕ್ಕೂ ಮುಂಚೆ ಇದೇ ಪಾಲಿಮರ್‌ನ ಗಟ್ಟಿ ಪೊರೆ ಉಪ್ಪನ್ನು ತಡೆಯುತ್ತಿತ್ತು, ಆದರೆ ನೀರನ್ನೂ ಹನಿ ಹನಿಯಾಗಿಯೇ ಬಿಡುತ್ತಿತ್ತು. ಮೇಲೆ ತೆಳು ಚರ್ಮ, ಕೆಳಗೆ ತೂತುತೂತಿನ ಮೈ ಅನ್ನುವ ರಚನೆ ಬಂದ ಮೇಲೆ ಆಟವೇ ಬದಲಾಯಿತು.

ಆ ಶೇ. 1.1 ನೋಡಿ. ಚಿಟಿಕೆಯಷ್ಟು. ಸಾರಿಗೆ ಹಾಕುವ ಉಪ್ಪೂ ಅಷ್ಟೇ ಅಲ್ವಾ?

ಒಂದು ಎಚ್ಚರಿಕೆ: ಪರ್‌ಕ್ಲೋರೇಟ್ ಉಪ್ಪುಗಳನ್ನು ದ್ರಾವಕದ ಜೊತೆ ಒಣಗಿಸುವುದು, ಕಾಯಿಸುವುದು ಮಾಡಬೇಡಿ. ಸಿಡಿಯುವ ಅಪಾಯ ನಿಜವಾದದ್ದು. ಹೊಸಬರಿಗೆ ನಾನು ಕ್ಲೋರೈಡ್‌ನಲ್ಲೇ ಕಲಿಯಲು ಹೇಳುತ್ತೇನೆ.

ಮೊದಲು ಉಪ್ಪು ಹಾಕಬೇಕಾ, ಪಾಲಿಮರಾ?

ಉಪ್ಪು. ದ್ರಾವಕದಲ್ಲಿ ಅದು ಪೂರ್ತಿ ಕರಗಿ ತಿಳಿಯಾದ ಮೇಲೆ ಪಾಲಿಮರನ್ನು ಸ್ವಲ್ಪ ಸ್ವಲ್ಪವೇ ಹಾಕಿ. ದಪ್ಪ ಡೋಪ್‌ಗೆ ಕೊನೆಯಲ್ಲಿ ಉಪ್ಪು ಸುರಿದರೆ ಹರಳು ಎಲ್ಲೋ ಸಿಕ್ಕಿಕೊಳ್ಳುತ್ತದೆ, ಪದರದಲ್ಲಿ ಸೂಜಿಮೊನೆ ತೂತು ಬರುತ್ತದೆ. ಗುಳ್ಳೆ ಹೋಗಲು ರಾತ್ರಿ ಹಾಗೇ ಬಿಡಿ.

ಪಿವಿಪಿ, ಪಿಇಜಿ ಇರುವಾಗ ಉಪ್ಪು ಯಾಕೆ?

ಅವನ್ನೂ ತೂತಿಗಾಗಿ ಡೋಪ್‌ಗೆ ಹಾಕುತ್ತಾರೆ, ಆದರೆ ಅವು ನೀರಲ್ಲಿ ಕರಗುವ ಪಾಲಿಮರ್‌ಗಳು, ಉದ್ದ ಸರಪಳಿಗಳು. ತೊಳೆದರೂ ಸ್ವಲ್ಪ ಗೋಡೆಯಲ್ಲಿ ಸಿಕ್ಕಿಕೊಂಡೇ ಇರುತ್ತದೆ. ಪಿವಿಪಿಯ ವಿಷಯದಲ್ಲಿ ಇದು ಅನುಕೂಲವೂ ಹೌದು, ಮೆಂಬ್ರೇನ್ ನೀರಿಗೆ ಒಗ್ಗುತ್ತದೆ. ಉಪ್ಪು ಚಿಕ್ಕ ಅಯಾನು, ಕೆಲಸ ಮುಗಿಸಿ ಹೊರಟುಹೋಗುತ್ತದೆ. ಗೋಡೆಯ ಗುಣ ಬದಲಾಗದೆ ತೂತಿನ ರಚನೆ ಮಾತ್ರ ಬದಲಾಗಬೇಕು ಅಂದರೆ ಉಪ್ಪು ಒಳ್ಳೆಯದು.

ನಿಜವಾಗಿ ಪೂರ್ತಿ ಹೊರಟುಹೋಗುತ್ತದಾ? ಹೇಗೆ ನೋಡುವುದು?

ತೊಳೆದ ನೀರಿಗೆ ಒಂದು ಹನಿ ಸಿಲ್ವರ್ ನೈಟ್ರೇಟ್ ಹಾಕಿ. ಕ್ಲೋರೈಡ್ ಇದ್ದರೆ ಹನಿ ಬಿದ್ದಲ್ಲೇ ಬಿಳಿ ಹೊಗೆಯಂತೆ ಹರಡುತ್ತದೆ. ನೀರು ಬದಲಿಸುತ್ತಾ ಹೋಗಿ, ಬಿಳಿ ಬರುವುದು ನಿಲ್ಲುವವರೆಗೆ.

ಇಲ್ಲೊಂದು ನಮ್ಮೂರಿನ ತಮಾಷೆ. ಒಬ್ಬ ವಿದ್ಯಾರ್ಥಿ ನಾಲ್ಕು ದಿನ ತೊಳೆದರೂ ಬಿಳಿ ಹೋಗಲಿಲ್ಲ ಅಂತ ಬಂದ. ಯಾವ ನೀರಲ್ಲಿ ತೊಳೆದೆ ಅಂದೆ. ನಲ್ಲಿ ನೀರು. ನಲ್ಲಿಗೆ ಬರುತ್ತಿದ್ದದ್ದು ಬೋರ್‌ವೆಲ್ ನೀರು, ಅದರಲ್ಲೇ ಬೇಕಾದಷ್ಟು ಕ್ಲೋರೈಡ್. ಖಾಲಿ ನಲ್ಲಿ ನೀರಿಗೆ ಹನಿ ಹಾಕಿ ತೋರಿಸಿದೆ, ಅದೂ ಬೆಳ್ಳಗಾಯಿತು. ಕೊನೆಯ ತೊಳೆತ ಡಿಅಯೊನೈಸ್ಡ್ (ಲವಣ ತೆಗೆದ) ನೀರಲ್ಲೇ ಆಗಬೇಕು.

ಬಾತ್‌ಗೂ ನಲ್ಲಿ ನೀರು ಬೇಡವಾ?

ನಲ್ಲಿ ನೀರಿನಲ್ಲಿರುವ ಲವಣ ಒಡೆಯುವ ವೇಗವನ್ನು ಬದಲಿಸುವಷ್ಟಿಲ್ಲ. ಬಾತ್‌ಗೇ ಬೇಕಂತ ಲೀಟರ್‌ಗೆ ಹತ್ತಾರು ಗ್ರಾಂ ಉಪ್ಪು ಹಾಕಿದರೆ ಮಾತ್ರ ನೀರಿನ ಒಳನುಗ್ಗುವಿಕೆ ಕಡಿಮೆಯಾಗಿ ಒಡೆಯುವುದು ತಡವಾಗುತ್ತದೆ. ಡೋಪ್‌ನ ಉಪ್ಪು ನೀರನ್ನು ಒಳಗೆ ಕರೆಯುತ್ತದೆ, ಬಾತ್‌ನ ಉಪ್ಪು ಹಿಂದೆ ಹಿಡಿಯುತ್ತದೆ. ನಲ್ಲಿ ನೀರಿನ ನಿಜವಾದ ತೊಂದರೆ ಅದರ ಬಿಸಿ. ಡಿಸೆಂಬರ್ ಬೆಳಗಿನ ನೀರು ಬೇರೆ, ಏಪ್ರಿಲ್ ಮಧ್ಯಾಹ್ನ ಬಿಸಿಲಿಗೆ ಕಾದ ಟ್ಯಾಂಕ್‌ನ ನೀರು ಬೇರೆ. ಥರ್ಮಾಮೀಟರ್ ಹಾಕಿ.

ಬಾತ್‌ನ ನೀರನ್ನು ಸಿಂಕ್‌ಗೆ ಸುರಿಯಬಹುದಾ?

ಬೇಡ. ಅದರಲ್ಲಿ ಡಿಎಂಎಫ್ ಅಥವಾ ಎನ್‌ಎಂಪಿ ಇದೆ. ಎರಡೂ ಹುಟ್ಟಲಿರುವ ಮಗುವಿಗೆ ಹಾನಿ ಮಾಡುವ ರಾಸಾಯನಿಕಗಳ ಪಟ್ಟಿಯಲ್ಲಿವೆ. ಜೊತೆಗೆ ಲಿಥಿಯಂ. ಪೀಣ್ಯದ ಕಡೆಯ ಚರಂಡಿ ವೃಷಭಾವತಿಗೆ, ಅದು ಬೈರಮಂಗಲ ಕೆರೆಗೆ, ಅಲ್ಲಿಂದ ಅರ್ಕಾವತಿಗೆ, ಕೊನೆಗೆ ಕಾವೇರಿಗೆ. ಆ ದಾರಿಯುದ್ದಕ್ಕೂ ಹೊಲಗಳಿವೆ. ಕ್ಯಾನ್‌ನಲ್ಲಿ ತುಂಬಿ, ಲೇಬಲ್ ಹಚ್ಚಿ, ರಾಸಾಯನಿಕ ತ್ಯಾಜ್ಯ ಒಯ್ಯುವವರಿಗೆ ಕೊಡಿ. ಗ್ಲೌಸ್ ಮತ್ತು ಫ್ಯೂಮ್ ಹುಡ್ ಬಗ್ಗೆ ಬೇರೆ ಹೇಳಬೇಕಿಲ್ಲ ಅಂದುಕೊಳ್ಳುತ್ತೇನೆ.

ಮನೆಯ ಆರ್‌ಒ ಮೆಂಬ್ರೇನ್‌ಗೂ ಇದಕ್ಕೂ ಸಂಬಂಧ ಇದೆಯಾ?

ಇದೆ. ಇವತ್ತಿನ ಆರ್‌ಒ ಮೆಂಬ್ರೇನ್‌ನಲ್ಲಿ ಉಪ್ಪು ತಡೆಯುವುದು ತೀರಾ ತೆಳುವಾದ ಪಾಲಿಅಮೈಡ್ ಪದರ. ಅದನ್ನು ಹೊತ್ತು ಕೂತಿರುವ ಪಾಲಿಸಲ್ಫೋನ್ ಪದರ ಹುಟ್ಟುವುದು ಇದೇ ಥರ ನೀರಿಗಿಳಿದು ಒಡೆದು.

ಗಡ್ಡೆ ಕಟ್ಟಿದ ಲಿಥಿಯಂ ಕ್ಲೋರೈಡ್ ಬಾಟಲನ್ನು ಬಿಸಾಕಬೇಕಾ?

ಬೇಡ, ದುಡ್ಡು ಕೊಟ್ಟ ಮಾಲು. ಅಗಲ ಬಟ್ಟಲಿನಲ್ಲಿ ತೆಳ್ಳಗೆ ಹರಡಿ, 130ರಿಂದ 150 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ ರಾತ್ರಿ ಇಡಿ. ಬೆಳಗ್ಗೆ ಬಿಸಿಯಿರುವಾಗಲೇ ಡೆಸಿಕೇಟರ್‌ಗೆ (ಒಳಗಿನ ಗಾಳಿಯನ್ನು ಒಣಗಿಡುವ ಮುಚ್ಚಿದ ಪಾತ್ರೆಗೆ) ಹಾಕಿ ಆರಿಸಿ, ತೂಗಿ. ಮತ್ತೆ ಎರಡು ಗಂಟೆ ಓವನ್, ಮತ್ತೆ ತೂಕ. ಎರಡು ತೂಕ ಒಂದೇ ಬಂದರೆ ಒಣಗಿದೆ. ಇನ್ನೂ ಇಳಿಯುತ್ತಿದ್ದರೆ ವಾಪಸ್ ಓವನ್‌ಗೆ. ಆಮೇಲೆ ಚಿಕ್ಕ ಚಿಕ್ಕ ಬಾಟಲ್‌ಗಳಿಗೆ ಹಂಚಿಡಿ, ಒಂದನ್ನು ತೆರೆದಾಗ ಉಳಿದವು ಮುಚ್ಚೇ ಇರಲಿ. ಮುಚ್ಚಳ ಹಾಕಿದ ಮೇಲೆ ಒಮ್ಮೆ ಕೈಯಿಂದ ತಿರುಗಿಸಿ ನೋಡಿ.